ಎಡಗಡೆಯ ಗೀರುಗಳು

ನಾನು ಕಾರು ಓಡಿಸಲು ಕಲಿತದ್ದು ನಲವತ್ತಾರನೆಯ ವಯಸ್ಸಿನಲ್ಲಿ. ಗುಂಡ್ಲುಪೇಟೆಯ ಕಾಲೇಜೊಂದಕ್ಕೆ ಗ್ರಂಥಪಾಲಕಿಯಾಗಿ ವರ್ಗವಾದ ಮೇಲೆ ಎರಡು ವರ್ಷ ಚಾಮರಾಜನಗರದ ಮನೆಯಿಂದ ಬಸ್ಸಿನಲ್ಲೇ ಓಡಾಡಿದೆ. ಆಮೇಲೆ ಮೊಣಕಾಲು ನೋವು ಶುರುವಾಯಿತು. ಹೈಸ್ಕೂಲಿನಲ್ಲಿ ಗಣಿತ ಹೇಳುವ ನನ್ನ ಗಂಡ ಆ ಹೊತ್ತಿಗೆ ಒಂದು ಸೆಕೆಂಡ್ ಹ್ಯಾಂಡ್ ನೀಲಿ ಕಾರು ಕೊಂಡಿದ್ದರು. ಕೊಂಡದ್ದು ತಾವು ಓಡಿಸುವುದಕ್ಕೆಂದೇ. ಆದರೆ ಅವರ ಶಾಲೆ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ಕಾರು ವಾರಗಟ್ಟಲೆ ಮನೆಯ ಮುಂದೆ ಧೂಳು ಹಿಡಿದು ನಿಂತಿರುವುದನ್ನು ನೋಡಿ ನೋಡಿ, ಒಂದು ದಿನ ಹೋಗಿ ಡ್ರೈವಿಂಗ್ ಸ್ಕೂಲಿಗೆ ಸೇರಿದೆ. ಕಲಿಸುವವನು ನನ್ನ ಕೂದಲನ್ನು ನೋಡಿ, "ಮಗಳಿಗಾ ಮೇಡಂ?" ಎಂದು ಕೇಳಿದ್ದ.

ಇದು ಹೆಂಗಸರು ಓಡಿಸುವ ಕಾರು ಎಂದು ಬೊಟ್ಟು ಮಾಡಿ ತೋರಿಸುವಂಥ ಗುರುತು ಅದರ ಮೇಲೆ ಬೀಳಬಾರದು ಎನ್ನುವುದೇ ನನಗಿದ್ದ ದೊಡ್ಡ ಎಚ್ಚರ. ಮೂರು ವರ್ಷ ಬೀಳಲಿಲ್ಲ.

ಅವತ್ತು ಸಂಜೆ ನಾಲ್ಕೂವರೆಯ ಹೊತ್ತಿಗೆ ಕಾಲೇಜಿನಿಂದ ಹಿಂದಿರುಗುತ್ತಾ ತೆರಕಣಾಂಬಿಯಲ್ಲಿ ನಿಲ್ಲಿಸಿದೆ. ರಸ್ತೆಯ ಎಡ ಅಂಚಿನಲ್ಲಿ, ಎರಡು ಚಕ್ರ ಮಣ್ಣಿಗೆ ಇಳಿಯುವಂತೆ ನಿಲ್ಲಿಸಿ ಸೊಪ್ಪು ಮಾರುವ ಹೆಂಗಸಿನ ಹತ್ತಿರ ಹೋದೆ. ಅವಳು ಕೀರೆಸೊಪ್ಪಿನ ಕಟ್ಟು ಎತ್ತಿ ಕೊಡುತ್ತಿರುವಾಗ ಹಿಂದೆ ತಗಡನ್ನು ನೆಲದ ಮೇಲೆ ಎಳೆದಂಥ ಸದ್ದಾಯಿತು. ಹತ್ತಿರದಲ್ಲೇ ವೆಲ್ಡಿಂಗ್ ಅಂಗಡಿ ಇತ್ತು. ಅಲ್ಲಿಯದಿರಬೇಕು ಎಂದುಕೊಂಡು ನಾನು ತಿರುಗಿಯೂ ನೋಡಲಿಲ್ಲ. ಚಿಲ್ಲರೆ ಇಲ್ಲದೆ ಅವಳು ಪಕ್ಕದ ಅಂಗಡಿಗೆ ಹೋಗಿ ಬಂದು, ನಾನು ಕಾರಿನ ಹತ್ತಿರ ಬರುವಷ್ಟರಲ್ಲಿ ನಾಲ್ಕೈದು ನಿಮಿಷ ಕಳೆದಿತ್ತು.

ಕಾರಿನ ಬಲಗಡೆಯ ಎರಡೂ ಬಾಗಿಲುಗಳ ಮೇಲೆ ಉದ್ದಕ್ಕೆ ಗೀರು ಬಿದ್ದು, ಹಿಂದಿನ ಬಾಗಿಲು ಅಂಗೈ ಅಗಲ ಒಳಕ್ಕೆ ಹೋಗಿತ್ತು. ಪಕ್ಕದ ಕನ್ನಡಿ ಮುರಿದು ವೈರಿನಲ್ಲಿ ನೇತಾಡುತ್ತಿತ್ತು. ಹತ್ತು ಮಾರು ಮುಂದೆ ಒಂದು ಹಳೆಯ ಬಿಳಿ ಕಾರು ನಿಂತಿತ್ತು. ಅದರಿಂದ ಇಳಿದು ಬಂದಿದ್ದ ಮೂವತ್ತೈದರ ಆಸುಪಾಸಿನ ಹೆಂಗಸೊಬ್ಬಳು ನನ್ನ ಕಾರಿನ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದಳು. ಬಿಳಿ ಕಾರಿನ ಮುಂದಿನ ಎಡ ಸೀಟಿನಲ್ಲಿ ಎಪ್ಪತ್ತರ ಹತ್ತಿರದ ಒಬ್ಬರು, ಎರಡೂ ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡು, ಮುಂದಿನ ಗಾಜಿನಾಚೆ ನೋಡುತ್ತಾ ಕೂತಿದ್ದರು.

"ನಮ್ದೇ ತಪ್ಪು ಮೇಡಂ," ಎಂದಳು ಅವಳು, ನಾನು ಬಾಯಿ ತೆರೆಯುವ ಮೊದಲೇ. "ನಾನೇ ಓಡಿಸ್ತಿದ್ದೆ. ಎದುರ್ಗೆ ಲಾರಿ ಬಂತು, ಎಡಕ್ಕೆ ಎಳ್ಕಂಡ್ಬುಟ್ಟೆ."

ಪಕ್ಕದ ಟೀ ಅಂಗಡಿಯವನು ಲೋಟ ತೊಳೆಯುತ್ತಲೇ ಹೇಳಿದ: "ಊಂ ಕಣಮ್ಮ, ಅವ್ಳೇ ಓಡಿಸ್ತಿದ್ದದ್ದು. ಒಳ್ಳೆ ಜನ, ಮೋಸ ಮಾಡಕಿಲ್ಲ."

ನಾನು ಅವನನ್ನು ಏನೂ ಕೇಳಿರಲಿಲ್ಲ.

ಆಗ ನನಗೆ ಬಂದದ್ದು ಕೋಪವಲ್ಲ. ಸದ್ಯ, ತಪ್ಪು ನನ್ನದಲ್ಲ ಎಂಬ ಸಮಾಧಾನ ಬಂತು. ಕಾರಿಗೆ ಆದದ್ದನ್ನು ಆಮೇಲೆ ನೋಡಿದೆ. ಗಂಡನಿಗೆ ಫೋನ್ ಮಾಡಿದಾಗ ಅವರು ಮೊದಲು ಕೇಳಿದ್ದೂ, "ಯಾರ ತಪ್ಪು?" ಎಂದೇ. ನಿಂತಿದ್ದ ಕಾರಿಗೆ ಬಂದು ಉಜ್ಜಿದ್ದು ಎಂದೆ. "ನಿಂತಿದ್ದದ್ದಾ? ಹಾಗಾದರೆ ಸರಿ," ಎಂದರು.

ಇನ್ಸೂರೆನ್ಸ್ ವಿಷಯ ನಾನೇ ಎತ್ತಿದೆ. ಅವಳ ಮುಖ ಬದಲಾಯಿತು.

"ಅದೆಲ್ಲ ಬ್ಯಾಡಿ ಮೇಡಂ. ನಿಮ್ದೂ ಬ್ಯಾಡ, ನಮ್ದೂ ಬ್ಯಾಡ. ಎಷ್ಟಾದ್ರೂ ಆಗ್ಲಿ, ನಾವೇ ಮಾಡಿಸ್ಕೊಡ್ತೀವಿ. ಗುಂಡ್ಲುಪೇಟೇಲಿ ಟಿಂಕರಿಂಗ್ ಮಾಡೋರು ಗೊತ್ತವ್ರೆ."

ಹತ್ತಿರದ ಹಳ್ಳಿಯ ಅಂಗನವಾಡಿಯಲ್ಲಿ ತಾನು ಟೀಚರ್, ಗಂಡ ನಂಜನಗೂಡಿನ ಒಂದು ಫ್ಯಾಕ್ಟರಿಯಲ್ಲಿ ಕೆಲಸ ಮಾಡುತ್ತಾನೆ, ಕಾರಿನಲ್ಲಿರುವವರು ತನ್ನ ಮಾವ ಎಂದಳು. ಫೋನ್ ನಂಬರ್ ಕೊಟ್ಟಳು. ಹಿಂದೆ ಬಸ್ಸು ಹಾರನ್ ಮಾಡಿದಾಗ ಹೋಗಿ ತಮ್ಮ ಕಾರನ್ನು ಪಕ್ಕಕ್ಕೆ ತೆಗೆದಳು. ಹತ್ತಿ ಕೂತವಳಿಗೆ ಪೆಡಲು ಎಟುಕಲಿಲ್ಲ. ಸೀಟನ್ನು ಎರಡು ಸಲ ಮುಂದಕ್ಕೆ ಎಳೆದುಕೊಂಡಳು. ಅದನ್ನು ನೋಡಿದೆ, ಆದರೆ ಅದರ ಬಗ್ಗೆ ಯೋಚಿಸಲಿಲ್ಲ.

ಆ ಸಂಜೆಯೇ ನನ್ನ ಗಂಡ ತಮಗೆ ಗೊತ್ತಿದ್ದ ಒಬ್ಬ ಇನ್ಸೂರೆನ್ಸ್ ಏಜೆಂಟರನ್ನು ವಿಚಾರಿಸಿದರು. ಕ್ಲೇಮ್ ಮಾಡುವುದಾದರೆ ಯಾರು ಓಡಿಸುತ್ತಿದ್ದರು ಎಂದು ಬರೆದುಕೊಡಬೇಕು, ಲೈಸೆನ್ಸಿನ ನಕಲು ಬೇಕು, ಕಾರನ್ನು ಮೈಸೂರಿಗೆ ಒಯ್ದು ಬಿಡಬೇಕು, ಅವರ ಕಡೆಯವರು ಬಂದು ನೋಡುವ ತನಕ ಕಾಯಬೇಕು. ನಮ್ಮ ಪಾಲಿಸಿಯಿಂದಲೇ ಪಡೆದರೆ ಮುಂದಿನ ವರ್ಷದ ರಿಯಾಯಿತಿ ಹೋಗುತ್ತದೆ. "ಎದುರಿನವರು ಒಪ್ಪಿಕೊಂಡಿದ್ದಾರೆ ತಾನೇ? ಹೊರಗಡೆಯೇ ಮುಗಿಸಿಕೊಳ್ಳಿ ಸಾರ್. ಒಂದು ಚೀಟಿ ಮಾತ್ರ ಬರೆಸಿಕೊಂಡಿರಿ," ಎಂದರಂತೆ. ನನಗೂ ಅದೇ ಅನುಕೂಲವಾಗಿ ಕಂಡಿತು.

ಮಾರನೆಯ ಬೆಳಿಗ್ಗೆ ಹಾಗೆಯೇ ಕಾರನ್ನು ಗುಂಡ್ಲುಪೇಟೆಗೆ ಒಯ್ದೆ. ಊಟಿ ರಸ್ತೆಯಲ್ಲಿ, ಊರು ಮುಗಿಯುವ ಕಡೆ ಆ ಶೆಡ್ಡು. ಟಿಂಕರಿಂಗ್ ಮಾಡುವವರು ಅರವತ್ತು ದಾಟಿದ ಒಬ್ಬ ಮುಸ್ಲಿಂ ಹಿರಿಯರು. ಮನೆಯಿಂದ ಬಂದ ಫೋನಿಗೆ ಉರ್ದುವಿನಲ್ಲಿ ಉತ್ತರ ಕೊಡುತ್ತಾ, ನನ್ನ ಬಾಗಿಲಿನ ಒಳಗಿನಿಂದ ಬೆರಳುಗಳಲ್ಲಿ ತಟ್ಟಿ ನೋಡಿ, ಫೋನ್ ಇಟ್ಟ ಮೇಲೆ ಕನ್ನಡದಲ್ಲಿ, "ಬಾಗ್ಲು ಬದಲಾಯಿಸೋದು ಬೇಡ ಅಕ್ಕ, ತಗ್ಗು ಎತ್ತಿ ಕೊಡ್ತೀನಿ. ಐದು ದಿನ," ಎಂದರು. ಅವರು ಹೇಳಿದ ಮೊತ್ತ ನಾನು ಅಂದುಕೊಂಡದ್ದಕ್ಕಿಂತ ಕಡಿಮೆಯೇ ಇತ್ತು.

ಅಂಗನವಾಡಿ ಟೀಚರ್ ಬಸ್ಸಿನಲ್ಲಿ ಬಂದಿದ್ದಳು. ಮುಂಗಡ ಅವಳೇ ಕೊಟ್ಟಳು. ಚೀಟಿಯ ವಿಷಯ ಹೇಳಿದಾಗ ಚೀಲದಿಂದ ಒಂದು ನೋಟ್ ಪುಸ್ತಕ ತೆಗೆದು ಹಾಳೆ ಹರಿದಳು. ಏನು ಬರೆಯಬೇಕೆಂದು ನಾನು ಹೇಳುತ್ತಾ ಹೋದೆ: ಇಂಥ ದಿನ, ಇಂಥ ಜಾಗದಲ್ಲಿ, ನಾನು ಓಡಿಸುತ್ತಿದ್ದ ಕಾರು ಇವರ ಕಾರಿಗೆ ತಗುಲಿ. ಮಕ್ಕಳಿಗೆ ತಿದ್ದಿಸುವ ದುಂಡನೆಯ ಅಕ್ಷರದಲ್ಲಿ ಅವಳು ಬರೆದಳು. 'ಜಾಗದಲ್ಲಿ' ಎಂಬಲ್ಲಿಗೆ ಬಂದು ಪೆನ್ನು ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಮುಂದುವರಿಸಿ, ಸಹಿ ಹಾಕಿ ನನ್ನ ಕೈಗಿಟ್ಟಳು. 'ನಾನು ಓಡಿಸುತ್ತಿದ್ದ ಕಾರು' ಎಂದು ನಾನು ಹೇಳಿದ ಕಡೆ ಅವಳು 'ನಮ್ಮ ಕಾರು' ಎಂದಷ್ಟೇ ಬರೆದಿದ್ದಳು.

ಇಪ್ಪತ್ತು ವರ್ಷ ಪುಸ್ತಕಗಳ ಮಧ್ಯೆ ಇದ್ದವಳಿಗೆ ಅಂಥದ್ದು ಕಣ್ಣಿಗೆ ಬೀಳದೆ ಹೋಗುವುದಿಲ್ಲ. ಅವಳ ಮುಖ ನೋಡಿದೆ. ಅವಳು ಪೆನ್ನಿನ ಮುಚ್ಚಳ ಹುಡುಕುತ್ತಿದ್ದಳು. ನಾನು ಚೀಟಿಯನ್ನು ಮಡಚಿ ಪರ್ಸಿನಲ್ಲಿಟ್ಟುಕೊಂಡೆ.

ಮೂರನೆಯ ದಿನ ಮಧ್ಯಾಹ್ನ ಊಟದ ಬಿಡುವಿನಲ್ಲಿ ಕೆಲಸ ಎಲ್ಲಿಗೆ ಬಂತೆಂದು ನೋಡಲು ಹೋದೆ. ಬಾಗಿಲು ನೇರವಾಗಿತ್ತು. ಮೇಲೆ ಬಳಿದ ಪುಟ್ಟಿ ಒಣಗಿ, ಅದನ್ನು ಟಿಂಕರ್ ಉಪ್ಪುಕಾಗದದಲ್ಲಿ ನೀರು ಹಾಕಿ ಉಜ್ಜುತ್ತಿದ್ದರು. ನನಗೆ ಒಂದು ಸ್ಟೂಲು ಹಾಕಿದರು. ಸ್ವಲ್ಪ ಹೊತ್ತಿಗೆ ಆ ಮಾವ ಬಂದರು. ಎತ್ತರದ ಆಳು, ಬಿಳಿ ಪಂಚೆ, ಇಸ್ತ್ರಿ ಮಾಡಿದ ಅಂಗಿ. ಬಾಗಿಲನ್ನೇ ನೋಡುತ್ತಾ ನೇರವಾಗಿ ನಡೆದು ಬಂದವರ ಎಡಗಾಲು ಪ್ರೈಮರ್ ಡಬ್ಬಕ್ಕೆ ತಗುಲಿ, ಬೂದು ಬಣ್ಣ ನೆಲದ ಮೇಲೆ ಹರಿಯಿತು. ಡಬ್ಬ ಚಿಕ್ಕದಾಗಿರಲಿಲ್ಲ. ನಡುಹಗಲು, ಶೆಡ್ಡಿನ ಮುಂಭಾಗ ಪೂರ್ತಿ ತೆರೆದಿತ್ತು.

ಟಿಂಕರ್ ರೇಗಿ ತಲೆಯೆತ್ತಿದವರು, ಬಂದವರನ್ನು ನೋಡಿ ಎದ್ದು ನಿಂತರು. "ಅರೆ, ಡ್ರೈವರಣ್ಣ! ನೀವಾ?"

ಆಮೇಲೆ ಗೊತ್ತಾಯಿತು, ಅವರು ಸರ್ಕಾರಿ ಬಸ್ಸಿನ ಡ್ರೈವರಾಗಿದ್ದವರು. ಬಂಡೀಪುರ ದಾಟಿ ಊಟಿ ಘಾಟಿಯಲ್ಲಿ ವರ್ಷಗಟ್ಟಲೆ ಬಸ್ಸು ಓಡಿಸಿದವರು. ಟಿಂಕರ್ ಚಿಕ್ಕ ವಯಸ್ಸಿನಲ್ಲಿ ಊಟಿಯ ಒಂದು ಗ್ಯಾರೇಜಿನಲ್ಲಿ ಕೆಲಸಕ್ಕಿದ್ದಾಗ ಇವರ ಬಸ್ಸಿನಲ್ಲೇ ಹೋಗಿ ಬರುತ್ತಿದ್ದರಂತೆ.

"ಮೂವತ್ತೊಂದು ವರ್ಷ ಅಕ್ಕ. ಒಂದು ಗೀರಿಲ್ಲ ಇವರದು. ಬೆಳ್ಳಿ ಪದಕ ಕೊಟ್ಟವ್ರೆ," ಎಂದು ಟಿಂಕರ್ ನನಗೆ ಹೇಳಿದರು. ಮತ್ತೆ ಅವರತ್ತ ತಿರುಗಿ, "ಇಲ್ಲಿ ಏನ್ ಕೆಲಸ ಅಣ್ಣೋರೆ?" ಎಂದರು.

"ಇದೇ. ನಮ್ಮ ಗಾಡಿ ತಗುಲಿದ್ದು."

"ಓ, ಆಯಮ್ಮ ನಿಮ್ಮ ಸೊಸೇನಾ?" ಟಿಂಕರ್ ನಕ್ಕರು. "ನಿಮ್ಮ ಮನೇಲಿದ್ಕಂಡು ಇಂಗಾ ಓಡ್ಸೋದು? ಏನ್ ಮಾಡದು, ಹೆಂಗಸ್ರು ಸ್ಟೇರಿಂಗ್ ಹಿಡುದ್ರೆ ನಮ್ಮಂತೋರ್ಗೆ ಕೆಲಸ." ಹೇಳಿದ ಮೇಲೆ ಅವರಿಗೆ ನನ್ನ ನೆನಪಾಯಿತು. "ನಿಮ್ಮನ್ನಲ್ಲ ಅಕ್ಕ."

ನಾನು ಏನಾದರೂ ಹೇಳುತ್ತಿದ್ದೆನೋ ಏನೋ, ಅಷ್ಟರಲ್ಲಿ ಡ್ರೈವರೇ ಹೇಳಿದರು.

"ಭಾಯ್, ಆ ಕೂಸ್ನ ಅನ್ಬ್ಯಾಡ. ಅದ್ಕೆ ಗಾಡಿ ಕಲ್ಸಿದ್ದು ನಾನು. ಅದು ಇಂಗೆ ಓಡ್ಸಕಿಲ್ಲ. ಓಡ್ಸಿದ್ದು ನಾನೇ," ಎಂದರು.

ಟಿಂಕರ್ ಕೈಯಲ್ಲಿನ ಉಪ್ಪುಕಾಗದವನ್ನು ನೀರಿಗೆ ಅದ್ದಿ ಹಿಂಡಿದರು. ಮತ್ತೆ ಕೂತು ಉಜ್ಜತೊಡಗಿದರು. ಡ್ರೈವರು ನನ್ನ ಕಡೆ ತಿರುಗಿದರು. ನನ್ನನ್ನು ನೋಡಲು ಅವರು ಬರೀ ಕಣ್ಣು ತಿರುಗಿಸಲಿಲ್ಲ, ಇಡೀ ಕತ್ತನ್ನು ತಿರುಗಿಸಿದರು.

"ತಪ್ಪು ತಿಳ್ಕಬ್ಯಾಡಿ ಮೇಡಮ್ಮೋರೆ. ನಾನು ಬ್ಯಾಡ ಅಂದೆ. ಅದು ಕೇಳ್ನಿಲ್ಲ. ಹಿಂದ್ಗಡೆ ಕೂತಿತ್ತು, ಇಳ್ದು ಬಂದು, ಮಾವ ನೀವು ಆ ಕಡೀಕೆ ಕೂತ್ಕಳಿ ಅಂತು. ಲೈಸೆನ್ಸು ಮುಗ್ದೋಗದೆ ನಂದು. ಹೊಸಾದು ಮಾಡ್ಸಕೆ ಡಾಕ್ಟರ ಸರ್ಟಿಪಿಕೇಟು ಕೇಳ್ತಾರೆ."

"ನಿಮಗೆ ಎಡಗಡೆ ಸರಿಯಾಗಿ ಕಾಣಿಸುತ್ತಾ?" ಎಂದು ಕೇಳಿದೆ.

"ಕಾಣ್ತದೆ. ಕತ್ತು ತಿರುಗ್ಸುದ್ರೆ ಎಲ್ಲಾ ಕಾಣ್ತದೆ."

ನನಗೆ ಇವತ್ತಿಗೂ ಮುಜುಗರವಾಗುವುದು ಆಮೇಲೆ ನಾನು ಆಡಿದ ಮಾತಿಗೆ. ಲೈಬ್ರರಿಯಲ್ಲಿ ತಡಮಾಡಿ ಪುಸ್ತಕ ತಂದವರಿಗೆ ದಂಡ ಮನ್ನಾ ಮಾಡುವ ಧಾಟಿಯಲ್ಲಿ ಹೇಳಿದೆ: "ನೋಡಿ, ಈ ದುಡ್ಡು ನನಗೆ ಬೇಡ. ನಾನೇ ಕೊಟ್ಟುಕೊಳ್ಳುತ್ತೇನೆ. ನೀವು ಒಂದು ಸಲ ಕಣ್ಣು ತೋರಿಸಿಕೊಳ್ಳಿ, ಅಷ್ಟು ಸಾಕು."

ಅವರು ಪಂಚೆಗೆ ಹಾರಿದ್ದ ಪ್ರೈಮರನ್ನು ಉಗುರಿನಲ್ಲಿ ಕೆರೆಯುತ್ತಿದ್ದವರು ನಿಲ್ಲಿಸಿದರು.

"ಗಾಡಿಗೆ ಆದ್ದು ಗಾಡಿಗೆ ಮೇಡಮ್ಮೋರೆ. ಕಣ್ಣು ನಂದು. ದುಡ್ಡು ನಾವೇ ಕೊಡ್ತೀವಿ." ದನಿ ಏರಲಿಲ್ಲ. "ಬತ್ತೀನಿ ಭಾಯ್," ಎಂದು ಹೊರಟರು. ಈ ಸಲ ಡಬ್ಬವನ್ನು ಬಳಸಿಕೊಂಡು ಹೋದರು.

ಮನೆಗೆ ಬಂದು ಗಂಡನಿಗೆ ಎಲ್ಲವನ್ನೂ ಹೇಳಿದೆ. ಅವರಿಗೆ ಇದು ಸರಳ ಲೆಕ್ಕವಾಗಿತ್ತು. ಲೈಸೆನ್ಸಿಲ್ಲ, ಕಣ್ಣಿಲ್ಲ, ಓಡಿಸುತ್ತಿದ್ದಾರೆ. "ಆರ್‌ಟಿಓ ಆಫೀಸಿಗೆ ಒಂದು ಅರ್ಜಿ ಬರೆದು ಹಾಕು. ನಿಂತ ಕಾರು ಆಯಿತು, ನಾಳೆ ನಿಂತ ಮನುಷ್ಯರಾದರೆ?" ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಒಂದು ಹಾಳೆ ತೆಗೆದುಕೊಂಡು ಕೂತೆ. 'ಮಾನ್ಯರೇ' ಎಂದು ಬರೆದೆ. ವಿಷಯ ಎಂಬಲ್ಲಿ ಏನು ಬರೆಯಬೇಕೆಂದು ತಿಳಿಯಲಿಲ್ಲ. ಪರ್ಸಿನಲ್ಲಿದ್ದ ಚೀಟಿ ನೆನಪಾಯಿತು. ಅವಳು ನನ್ನ ಎದುರು ಬಾಯಲ್ಲಿ ಸುಳ್ಳು ಹೇಳಿದ್ದಳು, ಆದರೆ ಬರೆದು ಸಹಿ ಹಾಕಲು ಒಪ್ಪಿರಲಿಲ್ಲ. ಇನ್ಸೂರೆನ್ಸ್ ಬೇಡ ಎಂದದ್ದೂ ಇದಕ್ಕೇ ಇರಬೇಕು. ಅಲ್ಲಿ ಓಡಿಸಿದವರ ಹೆಸರು ಬರೆಯದೆ ದಾರಿಯಿಲ್ಲ. ನಾನೂ ಹಾಳೆಯನ್ನು ಹಾಗೆಯೇ ಬಿಟ್ಟು ಎದ್ದೆ. ಇದನ್ನು ನನ್ನ ಒಳ್ಳೆಯತನ ಎಂದು ಹೇಳಿಕೊಳ್ಳಲಾರೆ. ನನ್ನ ಕಾರು ಸರಿಹೋಗುತ್ತಿತ್ತು, ಬೇರೆಯವರ ಮನೆಯ ಜಗಳಕ್ಕೆ ಸಹಿ ಹಾಕುವ ಮನಸ್ಸು ಬರಲಿಲ್ಲ, ಅಷ್ಟೇ.

ಆ ಎರಡು ದಿನ ಬಸ್ಸಿನಲ್ಲಿ ಓಡಾಡುವಾಗ ತೆರಕಣಾಂಬಿ ಹತ್ತಿರವಾದಂತೆ ಎದುರಿಗೆ ಬರುವ ಬಿಳಿ ಕಾರುಗಳನ್ನೆಲ್ಲ ನೋಡುತ್ತಿದ್ದೆ. ರಸ್ತೆ ಬದಿಯಲ್ಲಿ ನಡೆಯುವ ಮಕ್ಕಳನ್ನೂ ನೋಡುತ್ತಿದ್ದೆ.

ಐದನೆಯ ದಿನ ಶನಿವಾರ. ಮಧ್ಯಾಹ್ನದ ಮೇಲೆ ಕಾರು ತರಲು ಹೋದಾಗ ಶೆಡ್ಡಿನ ಮುಂದೆ ಆ ಬಿಳಿ ಕಾರೂ ನಿಂತಿತ್ತು. ಅವರ ಕಾರಿನ ಎಡಗಡೆಗೂ ಪೆಟ್ಟಾಗಿತ್ತಲ್ಲ, ಅದನ್ನು ತೋರಿಸಲು ಬಂದಿದ್ದರು. ಸೊಸೆ ಓಡಿಸಿಕೊಂಡು ಬಂದಿದ್ದಳು. ಮಾವ ನನ್ನ ಕಡೆ ತಲೆಯಾಡಿಸಿ, ಶೆಡ್ಡಿನ ಕಂಬಕ್ಕೆ ಒರಗಿ ನಿಂತರು. ನನ್ನ ಮೇಲಿನ ಸಿಟ್ಟು ಪೂರ್ತಿ ಇಳಿದಿರಲಿಲ್ಲ.

ನನ್ನ ಕಾರು ಚೆನ್ನಾಗಿ ಬಂದಿತ್ತು. ಎಲ್ಲಿ ಪೆಟ್ಟಾಗಿತ್ತೆಂದು ನಾನೇ ಹುಡುಕಬೇಕಾಯಿತು. ಟಿಂಕರ್ ಕೈ ಒರೆಸಿಕೊಂಡು ಬಿಳಿ ಕಾರಿನ ಎಡಗಡೆಗೆ ಹೋಗಿ ಕುಕ್ಕುರುಗಾಲಲ್ಲಿ ಕೂತರು. ಮುಂದಿನ ಬಂಪರಿನಿಂದ ಹಿಂದಿನ ದೀಪದವರೆಗೆ ಅಂಗೈ ಸವರಿಕೊಂಡು ಹೋದರು. ಮತ್ತೆ ಹಿಂದಿನಿಂದ ಮುಂದಕ್ಕೆ ಬಂದರು.

"ಅಣ್ಣೋರೆ, ಇದೊಂದೇ ಅಲ್ಲ," ಎಂದರು.

"ಏನು?"

"ನೀಲಿ ಅಕ್ಕನ ಗಾಡೀದು. ಇಲ್ಲಿ ನೋಡಿ, ಹಳದಿ. ಆಟೋದು. ಇದು ಸುಣ್ಣ, ಗೋಡೆಗೆ ಉಜ್ಜೈತೆ. ಕೆಳಗಡೆ ಹಸಿರು, ಗೇಟಿಂದು ಇರಬೇಕು. ಇದ್ಯಾವುದೋ ಕಂಬ, ತಗಡು ಮಡಚ್ಕಂಡೈತೆ. ಮೇಲೆ ಯಾರೋ ಬಿಳಿ ಬಳ್ದವ್ರೆ, ಒಳಗೆ ಎಲ್ಲಾ ಅಂಗೇ ಐತೆ."

ಡ್ರೈವರು ಹತ್ತಿರ ಬಂದರು. ಬಾಗಿದರು. ಕತ್ತನ್ನು ಪೂರ್ತಿ ಎಡಕ್ಕೆ ತಿರುಗಿಸಿ, ಒಂದೊಂದರ ಮೇಲೂ ಬೆರಳಿಟ್ಟು ನೋಡಿದರು. ಎಡಗಡೆ ಮಾತ್ರ. ಬಲಗಡೆಯಲ್ಲಿ ಒಂದು ಚುಕ್ಕಿಯೂ ಇರಲಿಲ್ಲ.

"ಇವೆಲ್ಲ ಯಾವಾಗ ಆದ್ವು?" ಎಂದು ಕೇಳಿದರು. ಟಿಂಕರ್‌ಗೆ ಕೇಳಿದಂತಿತ್ತು. ಆದರೆ ಟಿಂಕರ್ ಅವಳ ಕಡೆ ನೋಡಿದರು.

ಅವಳು ಕೀಲಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದಳು.

"ಮಾವ, ಮನೆಗೆ ಓಗನ ನಡೀರಿ."

"ಯಾವಾಗ ಆದ್ವು ಅಂದೆ."

ಅವಳು ಹೇಳಿದಳು. ಆಟೋ, ಗುಂಡ್ಲುಪೇಟೆ ಬಸ್‌ಸ್ಟ್ಯಾಂಡಿನ ಹತ್ತಿರ, ಆರು ತಿಂಗಳ ಹಿಂದೆ. ಆಟೋದವನು ಊರಿನ ತನಕ ಹುಡುಕಿಕೊಂಡು ಬಂದಿದ್ದ. ಮಾವ ಜಮೀನಿನ ಕಡೆ ಹೋಗಿದ್ದಾಗ ಅವನಿಗೆ ಬೇಕಾದದ್ದು ಕೊಟ್ಟು ಕಳಿಸಿದ್ದಳು. ಹಸಿರು ಗೇಟು ಹರವೆಯಲ್ಲಿ, ನೆಂಟರ ಮನೆಗೆ ಹೋದಾಗ ಎದುರು ಮನೆಯವರದು. ಅದಕ್ಕೆ ಬಣ್ಣ ಹೊಡೆಸಿಕೊಟ್ಟಳು. ಸುಣ್ಣದ ಗೋಡೆ ತಮ್ಮ ಬೀದಿಯದೇ. ಕಂಬ ಯಾವುದೋ ಅವಳಿಗೂ ಗೊತ್ತಿಲ್ಲ. ಬಿಳಿ ಬಣ್ಣದ ಒಂದು ಚಿಕ್ಕ ಬಾಟಲಿ ತಂದಿಟ್ಟುಕೊಂಡು ಅವರು ಏಳುವ ಮೊದಲೇ ಎದ್ದು ಬಳಿಯುತ್ತಿದ್ದಳು.

"ನಂಗ್ಯಾಕೆ ಹೇಳ್ನಿಲ್ಲ?"

"ಹೇಳುದ್ರೆ ನೀವು ಊಟ ಬುಡ್ತಿದ್ರಿ."

"ನಿನ್ನ ಗಂಡಂಗೆ ಗೊತ್ತಾ?"

ಅವಳು ಇಲ್ಲವೆಂದು ತಲೆಯಾಡಿಸಿದಳು.

ನನ್ನದು ಒಂದೇ ಅಪಘಾತ ಎಂದು ನಾನು ತಿಳಿದಿದ್ದೆ. ಬಹುಶಃ ಡ್ರೈವರೂ ಹಾಗೇ ತಿಳಿದಿದ್ದರು. ಇನ್ಸೂರೆನ್ಸ್ ಇಲ್ಲದೆ, ಪೊಲೀಸರಿಲ್ಲದೆ, ಗಂಡನಿಗೂ ತಿಳಿಯದೆ ಅವಳು ಒಬ್ಬಳೇ ಎಷ್ಟು ಜನರನ್ನು ಸಮಾಧಾನ ಮಾಡಿ ಕಳಿಸಿದ್ದಳು, ಲೆಕ್ಕ ಅವಳಿಗೇ ಗೊತ್ತು. ತೆರಕಣಾಂಬಿಯಲ್ಲಿ ನಾನು ಬಾಯಿ ತೆರೆಯುವ ಮೊದಲೇ ಅವಳ ಮಾತು ಸಿದ್ಧವಾಗಿದ್ದದ್ದು ಯಾಕೆಂದು ಆಗ ತಿಳಿಯಿತು.

ಡ್ರೈವರು ಬಹಳ ಹೊತ್ತು ಬಗ್ಗಿಯೇ ಇದ್ದರು. ಎದ್ದು ನಿಂತಾಗ ಟಿಂಕರ್ ಕೇಳಿದರು: "ಎಲ್ಲಾ ತೆಗೆದು ಒಂದೇ ಕೋಟ್ ಹೊಡುದ್ಬಿಡ್ಲಾ ಅಣ್ಣೋರೆ?"

"ಬ್ಯಾಡ. ಅಂಗೇ ಇರ್ಲಿ ಬುಡು. ದಿನಾ ನೋಡ್ಬೇಕು ನಾನು."

"ಮಳೆ ಬಂದ್ರೆ ತುಕ್ಕು ಹಿಡಿತದೆ," ಎಂದರು ಟಿಂಕರ್. "ಒಂದು ವರ್ಷಕ್ಕೆ ತೂತು ಬೀಳ್ತದೆ. ನಿಮ್ಮ ಇಷ್ಟ."

ಊಟಿ ಕಡೆಯಿಂದ ಒಂದು ಬಸ್ಸು ಬಂದು, ಪೇಟೆಯೊಳಕ್ಕೆ ತಿರುಗಿತು. ಡ್ರೈವರು ಅದು ಮರೆಯಾಗುವ ತನಕ ನೋಡಿ, "ಸರಿ, ಹೊಡಿ," ಎಂದರು. ಜೇಬಿನಿಂದ ನನ್ನ ಕಾರಿನ ಬಾಕಿ ತೆಗೆದು ಟಿಂಕರ್ ಕೈಗೆ ಕೊಟ್ಟರು. ಆಮೇಲೆ ಅವರು ಮತ್ತು ಸೊಸೆ ಕಾರನ್ನು ಅಲ್ಲೇ ಬಿಟ್ಟು ಬಸ್‌ಸ್ಟ್ಯಾಂಡಿನ ಕಡೆ ಹೊರಟರು. ಅವಳು ಅವರ ಎಡಕ್ಕೆ ನಡೆಯುತ್ತಿದ್ದಳು. ದಾರಿಯಲ್ಲೇ ಇಳಿಸುತ್ತೇನೆ ಬನ್ನಿ ಎಂದು ನಾನು ಕರೆಯಬಹುದಿತ್ತು. ಕರೆಯಬೇಕೆಂದುಕೊಂಡು ಕಾರು ಹೊರಗೆ ತೆಗೆಯುವಷ್ಟರಲ್ಲಿ ಅವರು ದೂರ ಹೋಗಿದ್ದರು. ನಾನೂ ಅವಸರ ಮಾಡಲಿಲ್ಲ.

ಆ ಮೇಲೆ ಎರಡು ಮೂರು ತಿಂಗಳು ಅವರ ಸುದ್ದಿಯಿಲ್ಲ. ಒಮ್ಮೆ ಅವಳಿಗೆ ಫೋನ್ ಮಾಡೋಣವೆನ್ನಿಸಿ ನಂಬರ್ ತೆಗೆದು, ಏನೆಂದು ಕೇಳುವುದು ಎಂದು ಬಿಟ್ಟೆ. ನನ್ನ ಗಂಡ ಒಂದೆರಡು ಸಲ ಅರ್ಜಿಯ ವಿಷಯ ಕೇಳಿ ಸುಮ್ಮನಾದರು.

ಚೆಂಡುಹೂವಿನ ಕಾಲ ಬಂತು. ರಸ್ತೆಯ ಎರಡೂ ಕಡೆ ಹೊಲಗಳು ಹಳದಿಯಾಗಿ, ಕೇರಳದ ನಂಬರಿನ ಕಾರುಗಳು ಎಲ್ಲೆಂದರಲ್ಲಿ ನಿಂತು ಫೋಟೋ ತೆಗೆದುಕೊಳ್ಳುವ ದಿನಗಳು. ನನ್ನ ಕಾರು ಸರ್ವೀಸಿಗೆ ಹೋಗಿತ್ತು. ಬೆಳಿಗ್ಗೆ ಕಾಲೇಜಿಗೆ ಬಸ್ಸಿನಲ್ಲಿ ಹೋಗುವಾಗ ತೆರಕಣಾಂಬಿಯಲ್ಲಿ ಆ ಡ್ರೈವರು ಹತ್ತಿದರು. ಕಂಡಕ್ಟರ್, "ಬನ್ನಿ ಗುರುಗಳೆ," ಎಂದು ಮುಂದೆ ಜಾಗ ಮಾಡಿಕೊಡಲು ಹೋದ. ಅವರು ನನ್ನನ್ನು ಗುರುತಿಸಿ ನನ್ನ ಪಕ್ಕದಲ್ಲೇ ಬಂದು ಕೂತರು. ನಾನು ಅವರ ಬಲಕ್ಕಿದ್ದೆ. ಅದಕ್ಕೇ ಕಂಡಿರಬೇಕು.

"ಕಣ್ಣು ತೋರಿಸ್ದೆ ಮೇಡಮ್ಮೋರೆ," ಎಂದರು, ನಾನು ಕೇಳುವ ಮೊದಲೇ.

ಚಾಮರಾಜನಗರದ ಆಸ್ಪತ್ರೆಯಲ್ಲಿ ನೋಡಿ ಮೈಸೂರಿಗೆ ಬರೆದುಕೊಟ್ಟರಂತೆ. ಅಲ್ಲಿ ಒಂದು ಡಬ್ಬದಂಥ ಯಂತ್ರದೊಳಗೆ ಮುಖ ಇಟ್ಟು ಕೂರಿಸಿ, ಕೈಗೊಂದು ಗುಂಡಿ ಕೊಟ್ಟು, ಬೆಳಕಿನ ಚುಕ್ಕಿ ಕಂಡಾಗಲೆಲ್ಲ ಒತ್ತಬೇಕು ಎಂದರಂತೆ.

"ಒತ್ತುತ್ತಾ ಇದ್ದೆ. ಆಮೇಕೆ ಎಷ್ಟೊತ್ತಾದ್ರೂ ಚುಕ್ಕೀನೇ ಬರ್ನಿಲ್ಲ. ಮಿಸೀನು ಕೆಟ್ಟೋಯ್ತು ಅನ್ಕಂಡು, ಏನವ್ವಾ, ನಿಂತೋಗದೆ ನೋಡು ಅಂದೆ. ಆ ನರ್ಸಮ್ಮ, ಇಲ್ಲ ತಾತ, ಬತ್ತಾ ಅದೆ, ನಿಮ್ಗೆ ಕಾಣ್ತಿಲ್ಲ ಅಂತು."

ಕಣ್ಣಿನೊಳಗಿನ ಒತ್ತಡ ಹೆಚ್ಚಿ ನರ ಒಣಗಿದೆ, ಎಡಗಣ್ಣು ಬಹುಪಾಲು ಹೋಗಿದೆ, ಬಲಗಣ್ಣಲ್ಲೂ ಎಡಭಾಗ ಹೋಗಿದೆ, ಹೋದದ್ದು ಮತ್ತೆ ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಲು ದಿನಕ್ಕೆರಡು ಸಲ ಹನಿ ಬಿಟ್ಟುಕೊಳ್ಳಬೇಕು ಎಂದು ಡಾಕ್ಟರು ಹೇಳಿದ್ದರು. ಎರಡು ವರ್ಷ ಮುಂಚೆ ಬಂದಿದ್ದರೆ ಎಂದೂ ಹೇಳಿದ್ದರು. ಇದನ್ನು ನನಗೆ ಹೇಳುವಾಗ ಡ್ರೈವರ ದನಿಯಲ್ಲಿ ದುಃಖವೇನೂ ಇರಲಿಲ್ಲ. ಬಸ್ಸು ಹೊರಡುವ ಹೊತ್ತು ಹೇಳಿದಂತೆ ಹೇಳಿದರು.

"ಈಗ ಕಾರು?"

"ಕೂಸು ಓಡಿಸ್ತದೆ." ಟಿಕೆಟ್ಟನ್ನು ಮಡಚಿ ಅಂಗಿಯ ಜೇಬಿಗಿಟ್ಟುಕೊಂಡರು. "ಮೊದ್ಲು ಮೊದ್ಲು ಪಕ್ಕದಲ್ಲಿ ಕೂತ್ಕಂಡು ಹೇಳ್ಕೊಡ್ತಿದ್ದೆ. ಗೇರು ಇಳ್ಸು, ಹಾರನ್ ಮಾಡು ಅಂತ. ಒಂದಿನ ಗಾಡಿ ಪಕ್ಕಕ್ಕೆ ನಿಲ್ಲುಸ್ತು. ಮಾವ, ನೀವು ಹೇಳ್ತಾ ಇದ್ರೆ ನಾನು ನಿಮ್ಮ ಮಾತು ಕೇಳ್ತೀನಿ, ರೋಡ್ ನೋಡಕಿಲ್ಲ ಅಂತು. ಸರಿ ಅನ್ಸ್ತು. ಬುಟ್ಟೆ."

ಹೊರಗೆ ಹೂವಿನ ಮೂಟೆ ತುಂಬಿದ ಒಂದು ವ್ಯಾನು ನಮ್ಮನ್ನು ದಾಟಿ ಹೋಯಿತು. ಈ ಸಲ ಹೂವಿಗೆ ರೇಟು ಹೇಗಿದೆ ಎಂದು ನಾನು ಕೇಳಿದೆ. ತಾವು ಹಾಕಿಲ್ಲ, ಅರಿಶಿನ ಹಾಕಿದ್ದೇವೆ ಎಂದರು. ಗುಂಡ್ಲುಪೇಟೆ ಇನ್ನೇನು ಬಂತು ಎನ್ನುವಾಗ ಮತ್ತೆ ಅದೇ ಮಾತಿಗೆ ಬಂದರು.

"ಹೋದ ವಾರ ಕೂಸು ಒಂದೇ ಮೈಸೂರಿಗೆ ಓಯ್ತು ಮೇಡಮ್ಮೋರೆ. ಮೀಟಿಂಗಿಗೆ. ಮೊದಲ್ನೇ ಸಲ. ಬೆಳಿಗ್ಗೆ ಎಂಟಕ್ಕೆ ಹೊರಡ್ತು. ನಂಜನಗೂಡು ದಾಟೋಗಂಟ ಮನಸ್ನಲ್ಲೇ ಓಡುಸ್ತಿದ್ದೆ ನಾನೂ. ನನ್ನ ಮಗ ಫ್ಯಾಕ್ಟ್ರಿಯಿಂದ ಫೋನ್ ಮಾಡಿ, ಎಲ್ಲಿಗಂಟ ಓಗಿದಾಳೆ ಕೇಳಪ್ಪ ಅಂದ. ಮಾಡಕಿಲ್ಲ ಅಂದೆ. ಓಡ್ಸೋರ್ಗೆ ಫೋನ್ ಮಾಡ್ಬಾರ್ದು."

"ಎಷ್ಟು ಹೊತ್ತಿಗೆ ಬಂದಳು?"

"ಐದು ಗಂಟ್ಗೆ. ಬಂದು, ಕಾಫಿ ಕುಡೀತೀರಾ ಮಾವ ಅಂತು. ಊಂ ಅಂದೆ."

ಬಸ್‌ಸ್ಟ್ಯಾಂಡಿನಲ್ಲಿ ಇಬ್ಬರೂ ಇಳಿದೆವು. ಅವರಿಗೆ ಔಷಧಿ ಅಂಗಡಿಯಲ್ಲಿ ಹನಿ ಕೊಳ್ಳಬೇಕಿತ್ತು. ನನ್ನ ಕಾಲೇಜಿನ ದಾರಿ ಇನ್ನೊಂದು ಕಡೆ. ಬರುತ್ತೇನೆ ಎಂದು ಕೈಮುಗಿದು, ರಸ್ತೆ ದಾಟುವ ಮುನ್ನ ಅವರು ಕತ್ತನ್ನು ಪೂರ್ತಿ ಎಡಕ್ಕೆ, ಆಮೇಲೆ ಬಲಕ್ಕೆ, ಮತ್ತೊಮ್ಮೆ ಎಡಕ್ಕೆ ತಿರುಗಿಸಿ ನೋಡಿದರು. ಒಂದು ಆಟೋ ಬರುತ್ತಿತ್ತು. ಅದನ್ನು ಹೋಗಲು ಬಿಟ್ಟು ದಾಟಿದರು.